ಪಿಯೆದಾದಳ ಗೇಟಿನ ಮುಂದೆ ಹಾರ್ನು

ಗೋವಾದ ಧಾಕ್ಟೆಭಾಟ್ ವಾಡೊದಲ್ಲಿ, ಅಂದರೆ ಕೇರಿಯಲ್ಲಿ, ಗಡಿಯಾರ ನಿಂತುಹೋದ ಮನೆಗಳು ಬೇಕಾದಷ್ಟಿವೆ. ಅದರಿಂದ ಯಾರಿಗೂ ತೊಂದರೆಯಾಗಿಲ್ಲ. ಬೊಸ್ತ್ಯಾಂವನ ಹಾರ್ನು ಕೇಳಿದರೆ ಬೆಳಿಗ್ಗೆ ಆರು, ಮತ್ತೆ ಕೇಳಿದರೆ ಸಂಜೆ ನಾಲ್ಕು. ಅವನು ವಾಡೊದ ಪೊದೇರ್, ಅಂದರೆ ಒಲೆಯಲ್ಲಿ ಬ್ರೆಡ್ಡು ಸುಟ್ಟು ಮನೆಮನೆಗೆ ಮುಟ್ಟಿಸುವವನು. ಸೈಕಲ್ಲಿನ ಹಿಂದೆ ನೀಲಿ ಪ್ಲಾಸ್ಟಿಕ್ ಹೊದಿಸಿದ ಬುಟ್ಟಿ, ಹ್ಯಾಂಡಲ್ಲಿಗೆ ರಬ್ಬರ್ ಉಂಡೆಯ ಹಾರ್ನು, ಮೂಗಿನ ಕೆಳಗೆ ಒಲೆ ಗುಡಿಸುವ ಕುಂಚದಂಥ ಮೀಸೆ. "ಪೊಂಯ್ ಪೊಂಯ್" ಅಂದರೆ ಸಾಕು, ನಿದ್ದೆಗಣ್ಣಿನವರೂ ಚೀಲ ಹಿಡಿದು ಗೇಟಿಗೆ ಬಂದು ನಿಲ್ಲುತ್ತಾರೆ.

ವಯಸ್ಸಿನಲ್ಲಿ ಒಮ್ಮೆ ಅವನೂ ಎಲ್ಲರ ಹಾಗೆ ಹಡಗಿಗೆ ಹೋಗಿದ್ದ. ದಿನಕ್ಕೆ ಎರಡು ಸಾವಿರ ಬ್ರೆಡ್ಡು ಬೇಯಿಸುವ ಕೆಲಸ. ಆರು ತಿಂಗಳಿಗೆ ವಾಪಸ್ಸು ಬಂದ. "ಏನಾಯ್ತೋ?" ಅಂದರೆ, "ಅಲ್ಲಿ ಬೇಯಿಸಿದ್ದನ್ನ ಯಾರು ತಿಂತಾರೆ ಅಂತ್ಲೇ ಗೊತ್ತಾಗಲ್ಲ ಮಾರಾಯ, ಒಬ್ಬರೂ ಬೈಯಲ್ಲ" ಅಂದ. ಬೈಸಿಕೊಳ್ಳುವ ಆಸೆಗೆ ಊರಿಗೆ ಬಂದವನನ್ನು ನಾನಂತೂ ಬೇರೆ ಕಂಡಿಲ್ಲ. ಆ ಆಸೆಯನ್ನು ಪೂರೈಸಲು ದೇವರು ಅವನಿಗೊಬ್ಬ ಅಕ್ಕನನ್ನೂ ಕೊಟ್ಟಿದ್ದ. ಹೆಸರು ಪಿಯೆದಾದ್. ಅಕ್ಕನಿಗೆ ಇಲ್ಲಿ ಮಾನಾ ಅನ್ನುತ್ತಾರೆ. ಇವಳು ತಮ್ಮನ ಮಾನವನ್ನು ಮೂರು ಕಾಸಿಗೆ ಹರಾಜು ಹಾಕಿದವಳು.

ಅದು ಆದದ್ದು ಹೀಗೆ. ಅವರಪ್ಪ, ಮಕ್ಕಳ ಬಾಯಲ್ಲಿ ಪಾಯ್, ಒಲೆಯ ಜೊತೆಗೆ ಎರಡು ಕಟ್ಟಳೆ ಬಿಟ್ಟುಹೋಗಿದ್ದ. ಹಾರ್ನು ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಬಾರದು. ಹಿಟ್ಟು ಹುದುಗಲು ತೆಂಗಿನ ಕಳ್ಳು ಬಿಟ್ಟು ಬೇರೇನೂ ಹಾಕಬಾರದು. ಮೊದಲನೆಯದನ್ನು ಬೊಸ್ತ್ಯಾಂವ್ ಇವತ್ತಿಗೂ ಮುರಿದಿಲ್ಲ. ಎರಡನೆಯದು ಮುರಿದದ್ದು, ಮರ ಏರಿ ಕಳ್ಳು ಇಳಿಸುತ್ತಿದ್ದ ಜುಜೆಯ ಮಂಡಿ ಕೈಕೊಟ್ಟ ವರ್ಷ. ಇವನು ಸದ್ದಿಲ್ಲದೆ ಮಡಗಾಂವಿನಿಂದ ಈಸ್ಟಿನ ಡಬ್ಬಿ ತಂದ. ಊರಿಗೆಲ್ಲ ಗೊತ್ತಾಯಿತು, ಊರೆಲ್ಲ ಬಾಯಿ ಮುಚ್ಚಿಕೊಂಡು ತಿಂದಿತು. ಪಿಯೆದಾದ್ ಮಾತ್ರ ನೆಂಟರ ಮಗುವಿನ ನಾಮಕರಣದ ಊಟದಲ್ಲಿ, ಪಾದ್ರಿಗಳ ಎದುರಿಗೇ, ತಮ್ಮ ಸುಟ್ಟ ಪೊಯ್ ಎಂಬ ದುಂಡು ಬ್ರೆಡ್ಡೊಂದನ್ನು ಎರಡಾಗಿ ಹರಿದು ಮೂಸಿ, "ಇದು ಪಾಯ್ ಮಾಡ್ತಿದ್ದ ಪೊಯ್ ಅಲ್ಲ. ಈಸ್ಟು!" ಅಂದುಬಿಟ್ಟಳು.

"ಈಸ್ಟು ಹಾಕಿರೋದು ನಿನ್ನ ಮೂಗಿಗೆ. ಅದಕ್ಕೇ ಅಷ್ಟು ಉಬ್ಬಿದೆ!" ಅಂದ ಬೊಸ್ತ್ಯಾಂವ್. ಜನ ನಕ್ಕರು. ಅಲ್ಲಿಗೆ ಬಿಡಬಹುದಿತ್ತು. ನಗು ಕೇಳಿ ಧೈರ್ಯ ಬಂದು, "ಪಾಯ್ ಮೇಲಾಣೆ, ಕಳ್ಳೇ ಹಾಕಿದೀನಿ!" ಅಂತಲೂ ಸೇರಿಸಿದ.

ಸತ್ತ ಅಪ್ಪನ ಮೇಲೆ ಸುಳ್ಳಾಣೆ! ಪಿಯೆದಾದ್ ತಟ್ಟೆ ಬಿಟ್ಟು ಎದ್ದಳು. ಅವತ್ತಿನಿಂದ ಒಂಬತ್ತು ವರ್ಷ ಮಾತಿಲ್ಲ, ಕತೆಯಿಲ್ಲ. ಮಾವಿನ ಮರದಿಂದ ಕಲ್ಲಿನ ಶಿಲುಬೆಯವರೆಗೆ ಅವಳ ಕಾಂಪೌಂಡು. ಅಷ್ಟು ದೂರ ಬೊಸ್ತ್ಯಾಂವನ ಕೈ ಹಾರ್ನಿನಿಂದ ಕೆಳಗಿಳಿಯುತ್ತಿತ್ತು. ಸುಳ್ಳು ಹೇಳಿದವನಿಗೇ ಕೋಪ ಜಾಸ್ತಿ ನೋಡಿ. ಅವಳು ಪೇಟೆಯಿಂದ ಪ್ಯಾಕೆಟ್ ಬ್ರೆಡ್ಡು ತರಿಸುತ್ತಿದ್ದಳು. ಅವಳ ಗಂಡ ಇನಾಸ್ ಮಾತ್ರ ಶಿಲುಬೆಯ ಮರೆಯಲ್ಲಿ ನಿಂತು ಭಾವಮೈದುನನ ಪೊಯ್ ಒಂದನ್ನು ಕದ್ದು ತಿಂದು, ಮೀಸೆ ಒರೆಸಿಕೊಂಡು ಮನೆಗೆ ಹೋಗುತ್ತಿದ್ದ.

ಹೀಗಿರುವಾಗ ಮುಂಬಯಿಯಿಂದ ಜಾಹೀರಾತಿನವರು ಬಂದರು. ಗೋವಾ ಅಂದರೆ ಬರೀ ಸಮುದ್ರ, ಬಾಟಲಿ ಅಲ್ಲ, ಇಲ್ಲಿ ಸಂಸ್ಕೃತಿಯೂ ಇದೆ ಅಂತ ಪ್ರವಾಸಿಗಳಿಗೆ ತೋರಿಸುವ ಎರಡು ನಿಮಿಷದ ವಿಡಿಯೋ. ಡೈರೆಕ್ಟರ್ ತನ್ಮಯ್ ದೀಕ್ಷಿತ್ ಮೂವತ್ತರ ಹುಡುಗ, ತಾನು ಬರೆದ ಕತೆಗೆ ತಾನೇ ಅಳುವ ಜಾತಿ. ಹೆಂಡದಂಗಡಿಯ ಜಗಲಿಯಲ್ಲಿ ಕೂತು ಊರಿಗೆಲ್ಲ ಹಿಂದಿಯಲ್ಲಿ ಕತೆ ಹೇಳಿದ: ಒಬ್ಬ ವಿಧವೆ. ಮಗ ಹಡಗು ಹತ್ತಿ ಹೋದವನು ಮೂವತ್ತು ವರ್ಷವಾದರೂ ಬಂದಿಲ್ಲ. ಬ್ರೆಡ್ಡಿನವನು ದಿನಾ ಅವಳ ಗೇಟಿನಲ್ಲಿ ಹಾರ್ನು ಹೊಡೆದು, ಮಗನ ಪಾಲಿನದೆಂದು ಒಂದು ಬ್ರೆಡ್ಡು ಜಾಸ್ತಿ ಕೊಡುತ್ತಾನೆ. ಅವಳು ಕಚ್ಚುತ್ತಾಳೆ. ಕಣ್ಣೀರು. ಪಿಟೀಲು. ಹೇಳುತ್ತಾ ಹೇಳುತ್ತಾ ತನ್ಮಯ್ ಕಣ್ಣೊರೆಸಿಕೊಂಡ.

"ಮೂವತ್ತು ವರ್ಷ ಹಡಗಿಂದ ಇಳಿಯಲೇ ಇಲ್ವಾ?" ಅಂತ ಇನಾಸ್ ವಿಚಾರಿಸಿದ. "ರಜೆ ಕೊಡಲ್ವಾ ಆ ಕಂಪನೀಲಿ?"

ಬೊಸ್ತ್ಯಾಂವನ ಮೀಸೆ ನೋಡಿದ್ದೇ ತನ್ಮಯ್ ಬ್ರೆಡ್ಡಿನವನು ಇವನೇ ಅಂದ. ಬೊಸ್ತ್ಯಾಂವ್ ಉಬ್ಬಿ ಒಪ್ಪಿಕೊಂಡ. ಎರಡು ದಿನ ಕನ್ನಡಿಯ ಎದುರು ಸೈಕಲ್ ಹಿಡಿದು ನಿಂತ. ವಿಧವೆ ಯಾರೆಂದು ಗೊತ್ತಾದದ್ದು ಆಮೇಲೆ. ನೀಲಿ ಗೋಡೆ, ಗಾಜಿನ ಬದಲು ಚಿಪ್ಪು ಕೂರಿಸಿದ ಕಿಟಕಿಯ ಮನೆ ಬೇಕೆಂದು ಹುಡುಕಿದವರು ಪಿಯೆದಾದಳ ಮನೆಗೇ ಹೋಗಿ, ಮನೆಯ ಜೊತೆ ಮನೆಯವಳನ್ನೂ ಆರಿಸಿದ್ದರು.

ಅವಳು ಮೊದಲು ಒಪ್ಪಲಿಲ್ಲ. "ಗಂಡ ಗುಂಡುಕಲ್ಲಿನ ಹಾಗಿದಾನೆ, ನಾನ್ಯಾಕೆ ಕಪ್ಪು ಉಡಲಿ?" ಅಂದಳು. ಇನಾಸನೇ ಒಳಗಿನಿಂದ, "ಉಟ್ಕೋ ಉಟ್ಕೋ. ನಾನು ಹೋದ್ಮೇಲೆ ಹೇಗೆ ಕಾಣ್ತೀಯ ಅಂತ ನೋಡೋ ಭಾಗ್ಯ ಯಾವ ಗಂಡನಿಗೆ ಸಿಗತ್ತೆ?" ಅಂದ. ಬ್ರೆಡ್ಡಿನವನು ಯಾರೆಂದು ಕೇಳಿದ ಮೇಲೆ ತುಟಿಯ ಮೂಲೆಯಲ್ಲೇ ನಕ್ಕು ಅವಳೂ ಒಪ್ಪಿಕೊಂಡಳು. ಆ ನಗುವಿನ ಸುದ್ದಿ ಬೊಸ್ತ್ಯಾಂವನ ಕಿವಿಗೂ ಬಿತ್ತು. ಕ್ಯಾಮೆರಾ ಮುಂದೆ ಕಚ್ಚಿ, ಇಡೀ ಲೋಕದ ಎದುರು "ಈಸ್ಟು" ಅಂದುಬಿಟ್ಟರೆ? ನಾಮಕರಣದ ಊಟದಲ್ಲಿ ಅರವತ್ತು ಜನ ಇದ್ದರು. ಇಲ್ಲಿ ಎಷ್ಟು ಜನವೋ ದೇವರಿಗೇ ಗೊತ್ತು.

ಶೂಟಿಂಗಿನ ಹಿಂದಿನ ದಿನ ಅವನು ಮೂರೂರು ದಾಟಿ ಸೈಕಲ್ ತುಳಿದ. ಇನ್ನೂ ಮರ ಏರುವ ಒಬ್ಬ ಮುದುಕನ ಕೈಕಾಲು ಹಿಡಿದು ಒಂದು ಬಾಟಲಿ ಕಳ್ಳು ತಂದ. ಎಂದಿನ ಈಸ್ಟಿನ ಪೊಯ್‌ಗಳನ್ನು ಸಂಜೆಗೆಂದು ಬೇರೆ ಚೀಲಕ್ಕೆ ಹಾಕಿ, ಕಳ್ಳಿನ ಹಿಟ್ಟಿನ ಇಪ್ಪತ್ತನಾಲ್ಕು ಪೊಯ್‌ಗಳನ್ನು ಬುಟ್ಟಿಯಲ್ಲಿ ಜೋಡಿಸಿದ. ಎಷ್ಟು ವರ್ಷವಾಗಿತ್ತು ಆ ಒಲೆ ಹಾಗೆ ಘಮಘಮಿಸಿ!

ಬೆಳಗಿನ ದೃಶ್ಯವನ್ನು ಮಧ್ಯಾಹ್ನ ಎರಡೂವರೆಗೆ ತೆಗೆಯುವುದು ಸಿನಿಮಾದವರ ಪದ್ಧತಿಯಂತೆ. ಬೆಳಿಗ್ಗೆ ಅವರು ಏಳುವುದಿಲ್ಲ. ದೊಡ್ಡ ದೀಪ ಹಚ್ಚಿ ಸೂರ್ಯನನ್ನು ಹುಟ್ಟಿಸಿದರು. ಮಾವಿನ ಮರದ ಹತ್ತಿರದಿಂದ ಬೊಸ್ತ್ಯಾಂವ್ ಹೊರಟ. ಕೈ ಅಭ್ಯಾಸಬಲದಿಂದ ಹಾರ್ನಿನಿಂದ ಕೆಳಗಿಳಿಯಿತು. "ಹಾರ್ನ್! ಹಾರ್ನ್!" ಅಂತ ತನ್ಮಯ್ ಕಿರುಚಿದ. ಒಂಬತ್ತು ವರ್ಷದ ಮೇಲೆ ಪಿಯೆದಾದಳ ಗೇಟಿನಲ್ಲಿ ಹಾರ್ನು ಕೂಗಿತು. ಬೊಸ್ತ್ಯಾಂವನ ಕಿವಿ ಕೆಂಪಾಯಿತು.

ಕಪ್ಪುಟ್ಟ ಪಿಯೆದಾದ್ ಮೆಟ್ಟಿಲಿಳಿದು ಬಂದಳು. ಅವನ ಮುಖ ನೋಡದೆ ಪೊಯ್ ತೆಗೆದುಕೊಂಡಳು. ಪತ್ತೇದಾರನ ಹಾಗೆ ಹರಿದಳು, ಮೂಸಿದಳು, ಕಚ್ಚಿದಳು. ಜಗಿಯುತ್ತಿದ್ದ ದವಡೆ ನಿಂತಿತು. ಕಣ್ಣು ತುಂಬಿ, ಯಾರೂ ಹೇಳಿಕೊಡದೆ, "ಪಾಯ್..." ಅಂದಳು.

ಇಂಥ ಅಳು ತನ್ಮಯ್ ಜನ್ಮದಲ್ಲಿ ಕಂಡಿರಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ರೆಮೆದ್ಯೋಸ್ ಕೂದಲು ಕೆದರಿಕೊಂಡು, ಚೀಲ ಬೀಸುತ್ತಾ ಇಬ್ಬರ ನಡುವೆ ಬಂದು ನಿಂತಳು. "ಅಯ್ಯೋ ದೇವ್ರೆ, ನಾಲ್ಕು ಗಂಟೆ ಆಗೇಹೋಯ್ತಾ? ಆರು ಪೊಯ್ ಕೊಡು."

"ಕಟ್! ಅಮ್ಮಾ, ಇದು ಶೂಟಿಂಗ್!" ಅಂದ ತನ್ಮಯ್.

"ಶೂಟಿಂಗ್ ನಿನ್ನದು, ಹೊಟ್ಟೆ ನಂದು. ಹಾರ್ನು ಹೊಡೆದಿದ್ದು ಸುಳ್ಳಾ?"

ಸುಳ್ಳಲ್ಲ. ಹಾರ್ನು ಕೇಳಿ ಬಂದವಳನ್ನು ಬರಿಗೈಯಲ್ಲಿ ಕಳಿಸುವಂತಿಲ್ಲ. ಬೊಸ್ತ್ಯಾಂವ್ ಸಂಕಟಪಡುತ್ತಾ ಸೈಕಲ್ಲಿಗೆ ತೂಗುಹಾಕಿದ್ದ ಈಸ್ಟಿನ ಪೊಯ್ ಚೀಲದತ್ತ ಕೈ ಚಾಚಿದ. ಅವಳು ಆಗಲೇ ಬುಟ್ಟಿಗೆ ಕೈ ಹಾಕಿದ್ದಳು. "ಇವತ್ತೇನೋ ಘಮಘಮ ಅಂತಿದೆಯಲ್ಲೋ!" ಅಂತ ಆರು ಎಣಿಸಿಕೊಂಡು ಹೋದಳು.

ಮತ್ತೆ ಹಾರ್ನು, ಮತ್ತೆ ನಾಲ್ಕು ಚೀಲ. ಊರಿಗೂರೇ ಮಧ್ಯಾಹ್ನದ ನಿದ್ದೆ ಮುಗಿಯಿತೆಂದು ಎದ್ದಿತ್ತು. ಹೆಂಡದಂಗಡಿಯವನು ಎರಡೂ ಮುಕ್ಕಾಲಿಗೇ ಬಾಗಿಲು ತೆರೆದ, ಕುಡಿಯುವವರೂ ಸಮಯಕ್ಕೆ ಸರಿಯಾಗಿ ಬಂದರು. ಒಂದು ಸಲ ಹಾರ್ನು ಕೇಳಿ ವಿಧವೆಯ ಗಂಡನೇ ಲುಂಗಿ ಕಟ್ಟುತ್ತಾ ಜಗಲಿಗೆ ಬಂದು, "ಪಿಯೆದಾದ್, ಚಹಾ ಆಯ್ತೇನೇ?" ಅಂದ. ಅದನ್ನೂ ಕಟ್ ಮಾಡಬೇಕಾಯಿತು.

"ಆಂಟಿ, ಮೊದಲ್ನೇ ಸಲದ ಕಣ್ಣೀರೇ ಬೇಕು," ಅಂತ ತನ್ಮಯ್ ಕೈಮುಗಿದ.

"ಕಣ್ಣೀರೇನು ನಲ್ಲಿ ನೀರಾ ಮಗಾ, ತಿರುಗಿಸಿದ ತಕ್ಷಣ ಬರೋಕೆ?" ಅಂದಳು ಪಿಯೆದಾದ್. ಆದರೂ ಕಚ್ಚಿದಳು. ಎಂಟನೆಯ ಸಲಕ್ಕೆ ಅವಳಿಗೆ ತೇಗು ಬರತೊಡಗಿತು.

ಒಂಬತ್ತನೆಯ ಸಲಕ್ಕೆ ಬೊಸ್ತ್ಯಾಂವ್ ಬುಟ್ಟಿಯೊಳಗೆ ಕೈಯಾಡಿಸಿದರೆ ತಳ ಸಿಕ್ಕಿತು. ಪಾಯ್‌ನ ಒಂದು ಕಟ್ಟಳೆ ಇನ್ನೊಂದನ್ನು ತಿಂದುಹಾಕಿತ್ತು. ಅವನು ತನ್ಮಯನ ಕಡೆ ತಿರುಗಿ, "ಬ್ರೆಡ್ಡು ಮುಗೀತು ಸಾರ್. ನಾಳೆ ಮಾಡೋಣ," ಅಂದ.

"ಮುಗಿಯೋದೇನು? ಇಲ್ಲಿ ಚೀಲದ ತುಂಬ ಇದೆಯಲ್ಲ!" ಅಂತ ತನ್ಮಯ್ ತಾನೇ ಈಸ್ಟಿನ ಪೊಯ್‌ಗಳನ್ನು ಬುಟ್ಟಿಗೆ ಸುರಿದ.

ಬೊಸ್ತ್ಯಾಂವ್ ಮರದ ಹತ್ತಿರದಿಂದ ಬಂದ. ಪಿಯೆದಾದ್ ಪೊಯ್ ತೆಗೆದುಕೊಂಡು ಕಚ್ಚಿದಳು. ಒಂದು ಸಲ ಜಗಿದಳು. ಅವಳ ಮುಖ ನಿಧಾನವಾಗಿ ಕೆಂಪೇರಿತು, ತುಟಿ ಅದುರಿತು, ಕಣ್ಣಲ್ಲಿ ನೀರಾಡಿತು. ಬೆರಳೆತ್ತಿ ತಮ್ಮನ ಮೂಗಿಗೆ ತಿವಿದು ಶುರುಮಾಡಿದಳು.

"ಈಸ್ಟು! ಮತ್ತೆ ಈಸ್ಟು! ಇಷ್ಟು ಹೊತ್ತು ಪಾಯ್ ಕೈರುಚಿ ಬಾಯಿಗೆ ತೋರಿಸಿ ಈಗ ಈ ರಬ್ಬರ್ ಚಪ್ಪಲಿ ಕೊಡ್ತೀಯಲ್ಲೋ ಕತ್ತೆ! ಅಷ್ಟು ಚೆಂದ ಮಾಡೋಕೆ ಬರೋವನು ಇಷ್ಟು ವರ್ಷ ಯಾಕೋ ಮಾಡಲಿಲ್ಲ? ಸತ್ತ ಅಪ್ಪನ ಮೇಲೆ ಆಣೆ ಇಟ್ಟೆಯಲ್ಲೋ, ಮೀಸೆ ಬಿಟ್ಕೊಂಡು ನಾಚಿಕೆ ಆಗಲ್ವೇನೋ ನಿಂಗೆ?"

ಒಂಬತ್ತು ವರ್ಷದ ಬಾಕಿ, ಒಂದು ನಿಮಿಷದಲ್ಲಿ ತೀರೀತೆ? ಮೂರು ನಿಮಿಷ ಬೈದಳು. ತನ್ಮಯನಿಗೆ ಕೊಂಕಣಿಯ ಒಂದಕ್ಷರ ಬಾರದು. ಕ್ಯಾಮೆರಾದ ಹಿಂದೆ ನಿಂತು ಬಿಕ್ಕಿ ಬಿಕ್ಕಿ ಅತ್ತ. "ಇದೇ! ಇದೇ ಬೇಕಾಗಿದ್ದು!" ಅಂದ. ಬೊಸ್ತ್ಯಾಂವ್ ತಲೆ ತಗ್ಗಿಸಿ ಸೈಕಲ್ ತಿರುಗಿಸಿಕೊಂಡು ಹೋಗಿಬಿಟ್ಟ. ಮರುದಿನ ಬೆಳಿಗ್ಗೆ ಮಾವಿನ ಮರದ ಹತ್ತಿರ ಅವನ ಕೈ ಎಂದಿನಂತೆ ಕೆಳಗಿಳಿಯಿತು.

ಎರಡು ತಿಂಗಳ ಮೇಲೆ ಜಾಹೀರಾತು ಬಂತು. ಹೆಂಡದಂಗಡಿಯ ಟೀವಿ ಮುಂದೆ ವಾಡೊದ ಗಂಡಸರೆಲ್ಲ ಸೇರಿದ್ದರು. ಪಿಯೆದಾದಳ ಮಾತಿನ ಸದ್ದು ಅಡಗಿಸಿ ಮೇಲೆ ಪಿಟೀಲು ಸುರಿದಿದ್ದರು. ಅವಳ ಬಾಯಿ "ಕತ್ತೆ" ಅಂದಾಗ ಕೆಳಗೆ ಅಕ್ಷರ ಮೂಡಿತು: "ನನ್ನ ಮಗ ಮನೆಗೆ ಬಂದ ಹಾಗಾಯಿತು." ರಬ್ಬರ್ ಚಪ್ಪಲಿಯ ಹೊತ್ತಿಗೆ: "ಇದು ನನ್ನ ಮಣ್ಣಿನ ರುಚಿ." ದೇಶವೆಲ್ಲ ನೋಡಿ ಕಣ್ಣೀರು ಹಾಕಿತಂತೆ. ಧಾಕ್ಟೆಭಾಟಿನವರು ತುಟಿಚಲನೆ ಓದಬಲ್ಲವರು, ಬೆಂಚಿನಿಂದ ಉರುಳಿ ಉರುಳಿ ನಕ್ಕರು. "ಇನ್ನೊಂದ್ಸಲ ಹಾಕ್ರೋ, ಚಪ್ಪಲಿ ಬರೋದು ನೋಡೋಣ!" ಅಂತ ಇನಾಸ್ ಕಣ್ಣೊರೆಸಿಕೊಂಡ.

ಬೊಸ್ತ್ಯಾಂವ್ ಒಬ್ಬನೇ ನಗಲಿಲ್ಲ. ಅವನು ನೋಡುತ್ತಿದ್ದದ್ದು ಅಕ್ಕನನ್ನಲ್ಲ. ಅವಳು ಬೈಯುವಾಗ ಕ್ಯಾಮೆರಾ ಒಂದು ಗಳಿಗೆ ಇವನ ಮುಖ ಹಿಡಿದಿತ್ತು. ತಾನು ಅವಮಾನದಿಂದ ಕುಗ್ಗಿ ನಿಂತಿದ್ದೆ ಅಂತ ಎರಡು ತಿಂಗಳಿಂದ ನಂಬಿದ್ದ. ಟೀವಿಯಲ್ಲಿ ನೋಡಿದರೆ, ತಗ್ಗಿಸಿದ ತಲೆಯ ಕೆಳಗೆ, ಮೀಸೆಯ ಮರೆಯಲ್ಲಿ, ಅವನು ನಗುತ್ತಿದ್ದ. ಹೊಟ್ಟೆ ತುಂಬಿದವನ ನಗು. ಅದನ್ನು ಕಂಡು ಅವನಿಗೆ ತನ್ನ ಮೇಲೇ ಕನಿಕರ ಬಂತು. ಇಷ್ಟು ವರ್ಷ ತನಗೆ ಏನು ಬೇಕಾಗಿತ್ತು ಅಂತ ಅವತ್ತು ಗೊತ್ತಾಯಿತು.

ಮರುದಿನ ಬೆಳಿಗ್ಗೆ ದೀಪವಿಲ್ಲ, ಪಿಟೀಲಿಲ್ಲ. ಮಾವಿನ ಮರ ಬಂತು. ಬೊಸ್ತ್ಯಾಂವ್ ಗೇಟಿನ ಮುಂದೆ ಕಾಲೂರಿ, ಹಾರ್ನನ್ನು ಮೆಲ್ಲಗೆ, ಒಂದೇ ಸಲ ಹಿಸುಕಿದ.

ಬಾಗಿಲು ತೆರೆಯಿತು. ಪಿಯೆದಾದ್ ಚೀಲ ಹಿಡಿದೇ ಬಂದಳು. ಬುಟ್ಟಿಯ ಪ್ಲಾಸ್ಟಿಕ್ ಸರಿಸಿ ನೋಡಿದಳು.

"ಕಳ್ಳಿಂದಾ?"

"ಅಲ್ಲ ಮಾನಾ," ಅಂದ ಬೊಸ್ತ್ಯಾಂವ್. "ಈಸ್ಟು. ಆ ನಾಮಕರಣದ ಊಟದಲ್ಲೂ ಈಸ್ಟೇ."

ಅವಳು ಚೀಲದ ಬಾಯಿ ಬಿಡಿಸಿ ಮುಂದೆ ಹಿಡಿದಳು.

"ನಾಲ್ಕು ಹಾಕು. ನಿಮ್ಮ ಭಾವ ಶಿಲುಬೆ ಹಿಂದೆ ನಿಂತು ತಿನ್ನೋದು ತಪ್ಪಲಿ."

ಅವನು ನಾಲ್ಕು ಹಾಕಿದ. ಅವಳು ಮೆಟ್ಟಿಲು ಹತ್ತಿ, ಅಲ್ಲಿಂದಲೇ ತಿರುಗಿ ಗದರಿದಳು.

"ಹಾರ್ನು ಹೊಡೆಯೋದೇನೋ ಅದು, ಸೊಳ್ಳೆ ಗುಂಯ್ ಅಂದ ಹಾಗೆ? ನಾಳೆಯಿಂದ ಜೋರಾಗಿ ಹೊಡಿ."