ಮುಂದಿನ ಬೆಂಚಿನ ಬಸಪ್ಪ

ಇಲ್ಲ, ಮೊದಲ ದಿನ ಮುಂದಿನ ಬೆಂಚಿನಲ್ಲಿ ಕೂರಿಸಿದ್ದು ದೊಡ್ಡಬಸಪ್ಪನನ್ನೇ ಎಂದು ಆಣೆ ಮಾಡಿ ಹೇಳಲಾರೆ. ಇಷ್ಟು ವರ್ಷ ಹಾಗೆಂದೇ ಹೇಳಿಕೊಂಡು ಬಂದಿದ್ದೇನೆ. ಹೇಳಿ ಹೇಳಿ ಸವೆದ ನೆನಪು ತೀರ ನುಣುಪಾಗಿಬಿಡುತ್ತದೆ. ಅದಕ್ಕೇ ನನಗೆ ಅದರ ಮೇಲೆ ಅನುಮಾನ. ಗಟ್ಟಿಯಾಗಿ ಗೊತ್ತಿರುವುದು ಇಷ್ಟೇ: ಮೂವತ್ತರ ದಶಕದ ಆರಂಭ, ಹೊಸಪೇಟೆಯ ಒಂದು ಹೈಸ್ಕೂಲು, ನಾನು ಅಲ್ಲಿ ಗಣಿತದ ಮಾಸ್ತರ.

ಆಗಿನ ಮದ್ರಾಸ್ ಪ್ರಾಂತ್ಯದಲ್ಲಿ ತರಗತಿಗೆ ಫಾರಂ ಎನ್ನುತ್ತಿದ್ದರು. ನಾಲ್ಕನೆಯ ಫಾರಂಗೆ ಸೇರುವವರು ಹದಿಮೂರು ಹದಿನಾಲ್ಕರ ಹುಡುಗರು. ಆ ವರ್ಷ ಕಂಪ್ಲಿಯಿಂದ ಅವಳಿ ಹುಡುಗರಿಬ್ಬರು ಬಂದರು. ತೀರಿಕೊಂಡ ಅಜ್ಜನ ಹೆಸರು ಬಸಪ್ಪ. ಆ ಹೆಸರು ಒಬ್ಬನಿಗಿಟ್ಟು ಇನ್ನೊಬ್ಬನಿಗೆ ತಪ್ಪಿಸಲು ಅಜ್ಜಿ ಒಪ್ಪದ್ದರಿಂದ ಒಬ್ಬ ದೊಡ್ಡಬಸಪ್ಪನಾದ, ಒಬ್ಬ ಸಣ್ಣಬಸಪ್ಪ. ಒಂದೇ ತಾನಿನ ಬಟ್ಟೆಯ ಅಂಗಿ, ಹಣೆಯ ಮೇಲೆ ಒಂದೇ ಅಳತೆಯ ವಿಭೂತಿ. ಇಬ್ಬರೂ ಹೊಸಪೇಟೆಯ ಸೋದರಮಾವನ ಮನೆಯಲ್ಲಿದ್ದರು.

ನಾನು ಹುಡುಗರನ್ನು ಮುಖದಿಂದಲ್ಲ, ಕೂತ ಜಾಗದಿಂದ ಗುರುತಿಟ್ಟುಕೊಳ್ಳುತ್ತಿದ್ದೆ. ಆದ್ದರಿಂದ ದೊಡ್ಡವನನ್ನು ಮುಂದಿನ ಬೆಂಚಿಗೆ, ಸಣ್ಣವನನ್ನು ಕೊನೆಯ ಬೆಂಚಿಗೆ ಕಳಿಸಿದೆ. ಅದರ ಹಿಂದೆ ಜಾಣತನದ ಲೆಕ್ಕ ಏನೂ ಇರಲಿಲ್ಲ. ನನ್ನ ಅನುಕೂಲ, ಅಷ್ಟೆ.

ಎರಡು ವರ್ಷ ಕಳೆಯಿತು. ದನಿ ಒಡೆದು ಮೀಸೆ ಚಿಗುರುವ ಹೊತ್ತಿಗೆ ಇಬ್ಬರೂ ಬೇರೆ ಬೇರೆ ಮನುಷ್ಯರಾಗಿದ್ದರು. ದೊಡ್ಡಬಸಪ್ಪ ಕೈಯೆತ್ತಿ ಉತ್ತರ ಹೇಳುವವನು, ಹಿರಿಯರಂತೆ ಅಳೆದು ಮಾತಾಡುವವನು. ಸಣ್ಣಬಸಪ್ಪ ಸಿಳ್ಳೆ ಹಾಕುವವನು, ಇಡೀ ಹಿಂದಿನ ಸಾಲನ್ನು ನಗಿಸುವವನು. "ಒಂದೇ ಅಚ್ಚು, ಗುಣ ಎರಡು ನೋಡ್ರಿ" ಎಂದು ಸಹೋದ್ಯೋಗಿಗಳಿಗೆ ನಾನೇ ಹೇಳುತ್ತಿದ್ದೆ, ಏನೋ ಕಂಡುಹಿಡಿದವನ ಹಾಗೆ.

ಅವರು ಆರನೆಯ ಫಾರಂನಲ್ಲಿದ್ದಾಗ, ದಸರೆಗೆ ಮುಂಚೆ, ತಂದೆ ಪಂಪಣ್ಣ ಬಂದರು. ಕಂಪ್ಲಿಯಲ್ಲಿ ಅಕ್ಕಿ ಗಿರಣಿ ನಡೆಸುತ್ತಿದ್ದವರು.

"ಮಾಸ್ತರ್ರ, ಗಿರಣಿ ಕೆಲಸ ನನ್ನ ಒಬ್ಬನ ಕೈಲಿ ಆಗವಲ್ದು. ಒಬ್ಬ ಗಿರಣಿಗೆ ಬರ್ಲಿ, ಒಬ್ಬ ಓದ್ಲಿ. ಯಾರನ್ನ ಸಾಲಿ ಬಿಡಿಸ್ಲಿ ಹೇಳ್ರಿ. ಮನ್ಯಾಗ ನಮಗ ಇಬ್ರೂ ಒಂದೇ ಕಾಣ್ತಾರ."

ಉತ್ತರ ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಅವರ ಕೊನೆಯ ಮಾತು ಚುಚ್ಚಿತು. ಮನೆಯಲ್ಲಿ ಒಂದೇ ಕಾಣುವವರು ನನ್ನ ಕ್ಲಾಸಿನಲ್ಲಿ ಎರಡಾದದ್ದು ಹೇಗೆ? "ದಸರಾ ಮುಗೀಲ್ರಿ, ಹೇಳ್ತೀನಿ" ಎಂದು ಕಳಿಸಿದೆ.

ಮರುದಿನ ಇಬ್ಬರ ಜಾಗ ಅದಲು ಬದಲು ಮಾಡಿದೆ. ಅರ್ಧವೃತ್ತದೊಳಗಿನ ಕೋನ ಲಂಬಕೋನ ಎಂದು ಸಾಧಿಸಿ ತೋರಿಸಲು ಕೇಳಿದೆ. ಮುಂದಿನ ಬೆಂಚಿನಿಂದ ಸಣ್ಣ ಎದ್ದು ಬಂದ. ಸೀಮೆಸುಣ್ಣ ಹಿಡಿದು, ಎಲ್ಲೂ ತಡವರಿಸದೆ, ಪೂರ್ತಿ ಬರೆದ. ನಾನು ಬೋರ್ಡಿನಿಂದ ಕಣ್ಣು ತೆಗೆಯದೆಯೇ ಅಂದೆ:

"ಭೇಷ್, ದೊಡ್ಡಬಸಪ್ಪ!"

ಕ್ಲಾಸು ಗೊಳ್ಳೆಂದಿತು. "ಲೇ ಸಣ್ಣ, ನಿನಗ ಇವತ್ತು ನಾಮಕರಣ ಆತಲೇ, ತೊಟ್ಲ ತರ್ಲೇನು!" ಎಂದು ಯಾರೋ ಕೂಗಿದರು. ನಾನೂ ನಕ್ಕೆ. ನಗಲಿಲ್ಲ ಎಂದು ಬರೆಯಬಹುದಿತ್ತು. ನಕ್ಕೆ ಅಂತಲೇ ಅನ್ನಿಸುತ್ತದೆ.

ಅವತ್ತಿನಿಂದ ಅವನು ಏನು ಕೇಳಿದರೂ "ಗೊತ್ತಿಲ್ರಿ ಸಾರ್" ಅನ್ನತೊಡಗಿದ. ಹಿಂದಿನ ಬೆಂಚಿನಿಂದ ದೊಡ್ಡನ ಕೈ ಮಾತ್ರ ಎಂದಿನಂತೆ ಏಳುತ್ತಿತ್ತು.

ದಸರೆಯ ರಜೆಗೆ ಮುಂಚಿನ ಭಾನುವಾರ ಬಸವಣ್ಣ ಕಾಲುವೆಯ ದಂಡೆಯಲ್ಲಿ ಹೊರಟಿದ್ದೆ. ಈಜಿ ದಣಿದ ಹುಡುಗರ ನಡುವೆ ಸಣ್ಣಬಸಪ್ಪ ಕುಕ್ಕರುಗಾಲಲ್ಲಿ ಕೂತು, ಹಸಿ ಮಣ್ಣಿನ ಮೇಲೆ ಕಡ್ಡಿಯಿಂದ ಅದೇ ವೃತ್ತ ಕೊರೆದು ಪಾಠ ಹೇಳುತ್ತಿದ್ದ.

"ಲೇ, ನೀನ ಮಾಸ್ತರ್ ಆಗಲೇ" ಎಂದ ಒಬ್ಬ.

"ಆದ್ನೆಂದ್ರ ಮೊದಲ ಏಟು ನಿನ್ನ ಬೆನ್ನಿಗೇ ಮಗನ. ಕೋನ ನೋಡು ಅಂದ್ರ ಮೀನ ನೋಡ್ತಿ."

ನನ್ನನ್ನು ಕಂಡದ್ದೇ ಎಲ್ಲರೂ ನೀರಿಗೆ ಹಾರಿದರು. ಅವನು ಹಾರಲಿಲ್ಲ, ವೃತ್ತವನ್ನು ಕಾಲಿನಿಂದ ಒರೆಸಿ ನಿಂತ.

"ಕ್ಲಾಸಿನ್ಯಾಗ ಯಾಕ ಗೊತ್ತಿಲ್ಲ ಅಂತೀಯೋ?"

"ಗೊತ್ತೈತಿ ಅಂದ್ರ ನನ್ನ ದೊಡ್ಡ ಅಂತೀರಿ ಸಾರ್. ನಾ ಸಣ್ಣ ಅದೀನ್ರಿ."

ಕೊನೆಯ ಬೆಂಚನ್ನು ನಾನು ಕೊಟ್ಟಿದ್ದೆ. ಅಲ್ಲಿ ಕೂತು ಅವನು ತನ್ನದೇ ಆದ ಒಬ್ಬ ಸಣ್ಣಬಸಪ್ಪನನ್ನು ಕಟ್ಟಿಕೊಂಡಿದ್ದ. ನ್ಯಾಯ ಮಾಡುತ್ತೇನೆಂದು ಹೋಗಿ ನಾನು ಆ ಸಣ್ಣಬಸಪ್ಪನನ್ನೂ ಅವನಿಂದ ಕಿತ್ತುಕೊಳ್ಳಲು ನೋಡಿದ್ದೆ.

ದಸರೆಯಾದ ಮೇಲೆ ಪಂಪಣ್ಣ ಮತ್ತೆ ಬಂದರು. ಹುಡುಗರಿಬ್ಬರೂ ಪಕ್ಕದಲ್ಲಿದ್ದರು. "ಇಬ್ಬರಿಗೂ ಬರ್ತದ್ರಿ, ಇಬ್ಬರನ್ನೂ ಓದಿಸ್ರಿ" ಎಂದು ಹೇಳಬೇಕೆಂದೇ ಕ್ಲಾಸಿನಿಂದ ಹೊರಬಂದಿದ್ದೆ. ಹೇಳಿದೆನೇ? ಒಂದೊಂದು ಸಲ ನನ್ನ ದನಿ ಕೇಳಿಸಿದಂತೆಯೇ ಆಗುತ್ತದೆ. ಆದರೆ ಅದು ನಾನು ಆಮೇಲೆ ಸೇರಿಸಿಕೊಂಡದ್ದು ಇರಬೇಕು. ಯಾಕೆಂದರೆ ಪಂಪಣ್ಣ ತಿರುಗಿ ಸಣ್ಣನನ್ನೇ ಕೇಳಿದ್ದು ಸ್ಪಷ್ಟವಾಗಿ ನೆನಪಿದೆ: "ಮಾಸ್ತರ್ರು ಸುಮ್ಕ ನಿಂತಾರ. ನೀ ಏನಂತೀಲೇ?"

"ನಾ ಗಿರಣಿಗೆ ಬರ್ತೀನಪ್ಪ" ಎಂದ ಸಣ್ಣ. "ಅಲ್ಲಿ ಒಬ್ಬನ ಇರ್ತೀನಿ."

ದೊಡ್ಡಬಸಪ್ಪ ಆರನೆಯ ಫಾರಂ ಮುಗಿಸಿ ಕಾಲೇಜಿಗೆ ಹೋದ.

ಆಮೇಲೆ ನಾನು ತಿಂಗಳಿಗೊಮ್ಮೆ ಎಲ್ಲರ ಬೆಂಚು ಬದಲಿಸುವ ಪದ್ಧತಿ ಇಟ್ಟುಕೊಂಡೆ. ಹೆಸರು ಕೂಗುವ ಮೊದಲು ಮುಖ ನೋಡುವುದನ್ನು ಕಲಿತೆ. ಆ ವಯಸ್ಸಿನವರು ನಾವು ಕೊಟ್ಟ ಜಾಗದಲ್ಲೇ ಬೇರು ಬಿಡುತ್ತಾರೆ. ಜಾಗ ತಪ್ಪಾಗಿತ್ತೆಂದು ಆಮೇಲೆ ಕಿತ್ತರೆ ಬೇರೂ ಹರಿಯುತ್ತದೆ. ಕೆಲಸ ನನಗೆ ಕಲಿಸಿದ್ದು ಇದು. ಕಲಿಸಿದ್ದು ತಡವಾಗಿ.

ಎಷ್ಟೋ ವರ್ಷಗಳ ನಂತರ ಹೊಸಪೇಟೆ ಸ್ಟೇಷನ್ನಿನಲ್ಲಿ ವಿಭೂತಿ ಧರಿಸಿದ ಗಂಡಸೊಬ್ಬ ಬಂದು ಕಾಲಿಗೆ ನಮಸ್ಕರಿಸಿದ.

"ಗುರ್ತು ಸಿಕ್ತೇನ್ರಿ ಸಾರ್?"

"ಸಿಗಲಾರದೇನಪ್ಪಾ. ಬಸಪ್ಪ ಅಲ್ಲೇನು?"

"ಹೌದ್ರಿ" ಎಂದ. ಹೆಸರಿನ ಇನ್ನರ್ಧಕ್ಕೆ ಕಾಯುತ್ತಿದ್ದ. ಈ ಸಲ ಮುಖವನ್ನೇ ನೋಡಿದೆ, ಚೆನ್ನಾಗಿಯೇ ನೋಡಿದೆ. ಗಾಡಿ ಬಂತು. ಅವನು ನಕ್ಕು, "ಬರ್ತೀನ್ರಿ ಸಾರ್" ಎಂದು ಹತ್ತಿಕೊಂಡ.

ಅವನು ಇಬ್ಬರಲ್ಲಿ ಯಾರು? ನನಗೆ ಗೊತ್ತಿಲ್ಲ.