ಪಟ್ಟಿಯ ಮೇಲಿನ ಭಂಡಾರ

ಶಾರ್ಕ್ ಕಚ್ಚಿದವರನ್ನು ಹೆಲಿಕಾಪ್ಟರ್ ಎತ್ತಿಕೊಂಡು ಹೋಗುವುದನ್ನು ಟಿವಿಯಲ್ಲಿ ನೋಡಿದಾಗಲೆಲ್ಲ ನನಗೆ ನಗು ಬರುತ್ತದೆ. ನಮ್ಮ ಕೃಷ್ಣೆಯಲ್ಲಿ ಕಚ್ಚುವುದು ಮೊಸಳೆ, ದಡಕ್ಕೆ ತರುವುದು ಹರಗೋಲು. ಅಲ್ಲಿಂದ ಮುಂದೆ ನಾನು, ಮಕ್ತಲ್‌ನ ಆಂಬುಲೆನ್ಸಿನಲ್ಲಿ ಪ್ರಥಮ ಚಿಕಿತ್ಸೆ ಮಾಡುವವಳು.

ಆ ಬೆಳಿಗ್ಗೆ ನಡುಗಡ್ಡೆಯ ಕುರುಬನೊಬ್ಬ ಉಣ್ಣೆ ಕತ್ತರಿಸುವ ಮುಂಚೆ ಕುರಿಗಳ ಮೈ ತೊಳೆಯಲು ನೀರಿಗಿಳಿದಿದ್ದ. ಮೊಸಳೆ ಮೀನಖಂಡಕ್ಕೇ ಬಾಯಿ ಹಾಕಿತ್ತು. ಜೊತೆಗಾರರು ಕೋಲಿನಿಂದ ಬಡಿದು ಬಿಡಿಸಿ, ಹರಗೋಲಿನಲ್ಲಿ ಮಲಗಿಸಿ ತಂದರು. ಅವನ ತಾಯಿ ಜೊತೆಗೇ ಬಂದಿದ್ದಳು. ಗಾಯಕ್ಕೆ ಬಟ್ಟೆಯನ್ನೇನೋ ಕಟ್ಟಿದ್ದರು. ಆದರೆ ದಾರಿಯುದ್ದಕ್ಕೂ ಅದನ್ನು ಬಿಚ್ಚಿ ಬಿಚ್ಚಿ ಬೀರಪ್ಪನ ಭಂಡಾರ, ಅಂದರೆ ಗುಡಿಯ ಅರಿಶಿನಪುಡಿ, ತುಂಬಿದ್ದರು. ಬಿಚ್ಚಿದಾಗಲೆಲ್ಲ ರಕ್ತ ಮತ್ತೆ ಹರಿದಿತ್ತು. ಅವನ ಮುಖ ಬಿಳಿಚಿಕೊಂಡಿತ್ತು. ಇನ್ನೊಮ್ಮೆ ಬಿಚ್ಚಿದರೆ ಇವನು ಜೀವಂತ ಗದ್ವಾಲದ ಆಸ್ಪತ್ರೆ ಮುಟ್ಟುವುದಿಲ್ಲ ಅನ್ನಿಸಿತು.

ನಾನು ಪಟ್ಟಿ ಒತ್ತಿ ಬಿಗಿದೆ. ಗಾಡಿ ಹೊರಟು ಸ್ವಲ್ಪ ದೂರ ಹೋಗುವುದರೊಳಗೆ ಮುದುಕಿಯ ಕೈ ಪಟ್ಟಿಯ ಗಂಟಿಗೆ ಹೋಗಿತ್ತು.

“ಅವ್ವಾ, ಬಿಚ್ಚಬ್ಯಾಡ್ರೀ!”

“ಭಂಡಾರ ಎಲ್ಲಾ ರಕ್ತದಾಗ ತೊಳದ ಹೋಗೈತಿ ಯವ್ವಾ. ಬೀರಪ್ಪ ಇಲ್ಲದ ನನ್ನ ಮಗ ಹ್ಯಾಂಗ ಉಳಿತಾನ?”

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಬೈಯಲು ಬಾಯಿ ತೆರೆದವಳು ಅವಳ ಕಣ್ಣು ನೋಡಿ ಮುಚ್ಚಿಕೊಂಡೆ. ನಮ್ಮ ಮನೆಯಲ್ಲೂ ಮೈಲಾರನ ಭಂಡಾರ ಹಚ್ಚಿಕೊಳ್ಳದೆ ಯಾರೂ ದೂರದೂರಿಗೆ ಹೊರಡುವುದಿಲ್ಲ.

“ಮ್ಯಾಲ ಹಾಕ್ರೀ, ಪಟ್ಟಿ ಮ್ಯಾಲ. ದೇವರಿಗೆ ಒಂದು ಬಟ್ಟಿ ಅಡ್ಡ ಬರತೈತೇನ್ರೀ?”

ಮುದುಕಿ ನನ್ನನ್ನು ಅನುಮಾನದಿಂದ ನೋಡಿದಳು. ಆಮೇಲೆ ಪಟ್ಟಿಯ ಮೇಲೆ ಭಂಡಾರ ಸುರಿದು, ಅದು ಚೆಲ್ಲದಂತೆ ಎರಡೂ ಅಂಗೈ ಊರಿ ಒತ್ತಿ ಹಿಡಿದಳು. ನನಗೆ ಬೇಕಾಗಿದ್ದೂ ಅದೇ. ಜುರಾಲಾ ಅಣೆಕಟ್ಟು ದಾಟಿ ಗದ್ವಾಲ ಸೇರುವವರೆಗೆ ಆ ಕೈಗಳು ಅಲುಗಲಿಲ್ಲ, ರಕ್ತವೂ ನಿಂತಿತು. ಹಳದಿ ಪಟ್ಟಿ ನೋಡಿ ಡಾಕ್ಟರು ಹುಬ್ಬೇರಿಸಿದರು. “ಆಮ್ಯಾಲ ಹೇಳ್ತೀನ್ರೀ ಸಾರ್” ಅಂದೆ.

ದಸರೆಯ ಹೊತ್ತಿಗೆ ತಾಯಿ ಮಗ ಇಬ್ಬರೂ ನನ್ನನ್ನು ಹುಡುಕಿಕೊಂಡು ಮಕ್ತಲ್‌ಗೆ ಬಂದರು. ಅವನು ಕುಂಟುತ್ತಿದ್ದ, ಆದರೆ ತನ್ನ ಎರಡೂ ಕಾಲಿನಿಂದ ನಡೆದು ಬಂದಿದ್ದ. ಮುದುಕಿ ಸೆರಗಿನ ಗಂಟಿನಿಂದ ಭಂಡಾರದ ಪೊಟ್ಟಣ ತೆಗೆದು ನನ್ನ ಔಷಧಿ ಚೀಲದೊಳಗೆ ಇಟ್ಟಳು. ಆಮೇಲೆ, ಏನೂ ಗೊತ್ತಿಲ್ಲದವಳಿಗೆ ಕಲಿಸುವಂತೆ ಹೇಳಿದಳು:

“ಇನ್ನ ಯಾರಿಗಾರ ಹಿಂಗಾದ್ರ ಪಟ್ಟಿ ಮ್ಯಾಲ ಹಾಕ ಯವ್ವಾ. ಬಿಚ್ಚಿ ಒಳಗ ಮಾತ್ರ ಹಾಕಬ್ಯಾಡ.”