ಮೂರು ಉದ್ಧರಣೆ ತೀರ್ಥ

ಮೊನ್ನೆ ಮಳೆ ಬಿಟ್ಟ ಮೇಲೆ ನಮ್ಮ ಸ್ಕೂಟರ್ ಏನು ಮಾಡಿದರೂ ಶುರುವಾಗಲಿಲ್ಲ. ದಾವಣಗೆರೆಯ ಪಿ.ಜೆ. ಬಡಾವಣೆಯಲ್ಲಿ ನಮ್ಮ ಮನೆ ಹಿಂದಿನ ರಸ್ತೆಯ ಮೆಕ್ಯಾನಿಕ್ ಬಾಗಿಲಿಗೇ ಬಂದ. ಟ್ಯಾಂಕಿನ ಪೆಟ್ರೋಲನ್ನು ಖಾಲಿ ನೀರಿನ ಬಾಟಲಿಗೆ ಇಳಿಸಿ ಬಿಸಿಲಿಗೆ ಹಿಡಿದ.

"ನೋಡ್ರಿ ಅಕ್ಕಾರೆ, ತಳದಾಗ ನೀರು ಐತೆ. ಗಾಡೀದೇನೂ ತಪ್ಪಿಲ್ಲ."

ಮೇಲೆ ತಿಳಿ ಪೆಟ್ರೋಲು, ಕೆಳಗೆ ಒಂದು ಬೆರಳಿನಷ್ಟು ನೀರು, ನಡುವೆ ದಾರ ಎಳೆದಂಥ ಗೆರೆ. ಪೆಟ್ರೋಲಿನ ವಾಸನೆ ಮೂಗಿಗೆ ಬಡಿದದ್ದೇ ನಾನು ಮೆಟ್ಟಿಲ ಮೇಲೆ ಕೂತುಬಿಟ್ಟೆ. "ತಲೆ ತಿರುಗ್ತೈತೇನ್ರಿ?" ಎಂದು ಅವನು ಕೇಳಿದ. ಇಲ್ಲಪ್ಪ ಎಂದೆ. ಆ ಗೆರೆಯನ್ನು ನಾನು ಮೊದಲೊಮ್ಮೆ ನೋಡಿದ್ದೆ...

ಆಗ ನಾವು ಹರಿಹರದಲ್ಲಿದ್ದೆವು, ಹೊಳೆಗೆ ಹತ್ತಿರದ ಓಣಿಯಲ್ಲಿ. ಪಕ್ಕದ ಮನೆಯವರು ದೋಣಿ ನಡೆಸುತ್ತಿದ್ದರು. ಓಣಿಗೆಲ್ಲ ಅವರು ದೋಣಿಯವರು, ನನಗೆ ಮಾವಾರು. ನನ್ನ ಗಂಡನ ತಂದೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಮಾವ ಎಂದು ಕರೆಯಲು ಮನೆಯಲ್ಲಿ ಯಾರೂ ಇರಲಿಲ್ಲ. ದೇವರು ಪಕ್ಕದ ಮನೆಯಲ್ಲಿ ಒಬ್ಬರನ್ನು ಇಟ್ಟಿದ್ದ. ಅವರ ಹೆಂಡತಿಯೂ ತೀರಿಕೊಂಡು ಬಹಳ ವರ್ಷವಾಗಿತ್ತು.

ಸೇತುವೆ ಸುತ್ತಿ ಬರುವುದು ದೂರವಾಗುವ ಆಚೆ ದಡದ ಹಳ್ಳಿಯ ಜನರನ್ನು, ಅವರ ಹೂವಿನ ಬುಟ್ಟಿಗಳನ್ನು, ಸೊಪ್ಪಿನ ಗಂಟುಗಳನ್ನು ಅವರು ದಾಟಿಸುತ್ತಿದ್ದರು. ದೋಣಿಯ ಹಿಂಬದಿಗೆ ಸಿಕ್ಕಿಸುವ ಸಣ್ಣದೊಂದು ಮೋಟರು ಇತ್ತು. ಅದು ಕೈಕೊಟ್ಟರೆ ಇರಲಿ ಎಂದು ನಡುವೆ ಒಂದು ಬೊಂಬು ನಿಲ್ಲಿಸಿ, ನೀಲಿ ತಾಡಪಾಲಿನ ಹಾಯಿಯನ್ನೂ ಕಟ್ಟಿದ್ದರು. ಅದನ್ನು ಕಂಡು ನಗದವರಿಲ್ಲ.

"ಏನ್ರೀ, ದೋಣಿಗೆ ಮದಿವಿ ಮಾಡ್ತೀರೇನು? ಚಪ್ಪರ ಹಾಕೀರಲ್ಲ!"

"ಹೂಂ. ನಿನ್ನ ಮಾತ್ರ ಕರಿಯಾಂಗಿಲ್ಲ ಬಿಡು," ಎನ್ನುತ್ತಿದ್ದರು ಮಾವಾರು.

ಸಂಜೆ ಹೊತ್ತು ಅವರ ಕಟ್ಟೆಯ ಮೇಲೆ ಪೆಟ್ರೋಲು ಸೋಸುವ ಕೆಲಸ ನಡೆಯುತ್ತಿತ್ತು. ಗಂಜಿ ಹೋಗಿ ಮೆತ್ತಗಾದ ನನ್ನ ಹಳೇ ನೂಲಿನ ಸೀರೆಯ ಚೂರೇ ಅದಕ್ಕೆ ಆಗಬೇಕು. ಲಾಳಿಕೆಗೆ ಅದನ್ನು ಎರಡು ಪದರ ಹಾಸಿ, ಪೆಟ್ರೋಲನ್ನು ಸಣ್ಣಗೆ ಹೊಯ್ಯುತ್ತಿದ್ದರು. ಆಮೇಲೆ ಕ್ಯಾನನ್ನು ಅಲುಗಿಸದೆ ಇಡೀ ರಾತ್ರಿ ಬಿಡುತ್ತಿದ್ದರು. ಬೆಳಿಗ್ಗೆ ಮೇಲಿನದಷ್ಟೇ ಮೋಟರಿಗೆ. ತಳದ ಎರಡು ಬೆರಳಿನಷ್ಟನ್ನು ಗಾಜಿನ ಬಾಟಲಿಗೆ ಇಳಿಸಿ, ಗೆರೆ ಇದೆಯೇ ಎಂದು ಬೆಳಕಿಗೆ ಹಿಡಿದು ನೋಡುತ್ತಿದ್ದರು.

"ಮಾವಾರ, ನಾನು ದೇವರಿಗೆ ಇಡೋ ಹಾಲನ್ನೂ ಇಷ್ಟು ಸೋಸಾಂಗಿಲ್ಲ," ಎಂದು ಒಮ್ಮೆ ಅಂದಿದ್ದೆ.

"ಹಾಲು ಕೆಟ್ರೆ ಇನ್ನೊಂದು ಲೋಟ ತರಬೌದವ್ವ. ನಡು ಹೊಳಿಯಾಗ ಮೋಟ್ರು ನಿಂತ್ರೆ ಇನ್ನೊಂದು ಮೋಟ್ರು ಎಲ್ಲಿಂದ ತರ್ಲಿ? ಪೆಟ್ರೋಲಿಗೂ ಮಡಿ ಐತೆ. ಕಸಾನ ಅರಿವಿ ಹಿಡಿತೈತೆ, ನೀರನ್ನ ಹಿಡಿಯಾಂಗಿಲ್ಲ. ನೀರು ಹೋಗಾಕ ಸುಮ್ನ ಕಾಯಬೇಕು, ತಾನಾ ಕೆಳಗಿಳಿತೈತೆ."

ನಾನು ಕೇಳಿಸಿಕೊಂಡಿದ್ದೆ. ಮಡಿ ಎಂಬ ಒಂದು ಮಾತು ಮಾತ್ರ ನನ್ನ ತಲೆಯಲ್ಲಿ ಉಳಿಯಿತು, ನೀರಿನ ಮಾತು ಉಳಿಯಲಿಲ್ಲ.

ಅವರ ಮನೆಯಲ್ಲಿ ಪೂಜೆ ಮಾಡುವವರಿಲ್ಲವೆಂದು ಪ್ರತಿ ವರ್ಷ ಆಯುಧ ಪೂಜೆಗೆ ಮೋಟರನ್ನೂ ಪೆಟ್ರೋಲಿನ ಕ್ಯಾನನ್ನೂ ನಮ್ಮ ಮನೆಗೆ ತಂದಿಡುತ್ತಿದ್ದರು. ಹಿಂದಿನ ವರ್ಷಗಳಲ್ಲಿ ಅತ್ತೆಯವರೇ ಪೂಜೆ ಮಾಡುತ್ತಿದ್ದರು. ಆ ವರ್ಷ ಅವರಿಗೆ ಮೊಣಕಾಲು ನೋವು, ಪೂಜೆ ನನ್ನ ಪಾಲಿಗೆ ಬಂತು. ಮೋಟರಿಗೆ ವಿಭೂತಿ ಬಳಿದೆ, ಕುಂಕುಮ ಹಚ್ಚಿದೆ, ಸೇವಂತಿಗೆ ಹಾರ ಹಾಕಿದೆ. ಕ್ಯಾನಿನ ಬಾಯಿಗೆ ನನ್ನ ಸೀರೆಯದೇ ಚೂರು ಕಟ್ಟಿ, ಮೇಲೆ ಮುಚ್ಚಳ ಇಟ್ಟಿದ್ದರು. ಹೊರಗಿನಿಂದ ತೀರ್ಥ ಚಿಮುಕಿಸಿದರೆ ಸಾಕಿತ್ತು. ಮೋಟರಿಗೆ ಶಕ್ತಿ ಕೊಡುವುದು ಒಳಗಿನದಲ್ಲವೇ, ಅದಕ್ಕೂ ತಲುಪಲಿ ಎನ್ನಿಸಿತು. ಮುಚ್ಚಳ ತೆಗೆದು, ದೇವರ ತಂಬಿಗೆಯಿಂದ ಆ ಬಟ್ಟೆಯ ಮೇಲೆ ಕುಂಕುಮ ಬೆರೆತ ಒಂದು ಉದ್ಧರಣೆ ತೀರ್ಥ ಬಿಟ್ಟೆ. ಮನುಷ್ಯರ ಕೈಗೆ ಮೂರು ಸಲ ಹಾಕುತ್ತೇವಲ್ಲ... ಮೂರು ಸಲ ಬಿಟ್ಟೆ. ಅವರ ದೋಣಿ ತಂಪಾಗಿರಲಿ ಎಂದು ಕೈ ಮುಗಿದೆ. ಮುಚ್ಚಳ ಮುಚ್ಚಿದೆ.

ಮರುದಿನ ದಶಮಿ. ಹಬ್ಬಕ್ಕೆ ನೆಂಟರ ಮನೆಗೆ ಬಂದಿದ್ದ ಆಚೆ ದಡದ ಹೆಂಗಸರು ಬನ್ನಿ ಎಲೆ ಕಟ್ಟಿಕೊಂಡು, ಊರಿಗೆ ಮರಳಲು ಬೆಳಿಗ್ಗೆಯೇ ದಂಡೆಯಲ್ಲಿ ಕಾಯುತ್ತಿದ್ದರು. ಮಾವಾರು ಅವಸರದಲ್ಲಿ ಬಂದರು. ಕ್ಯಾನನ್ನು ನಾನೇ ಎತ್ತಿಕೊಂಡು ಹೋಗಿ ಕೊಟ್ಟೆ. ಅವರು ಗಾಜಿನ ಬಾಟಲಿಗೆ ಇಳಿಸಿ ನೋಡಲಿಲ್ಲ. ಹಾಗೇ ತೆಗೆದುಕೊಂಡು ಹೋದರು.

ಮುಂದಿನದನ್ನು ನಾನು ಕಂಡಿಲ್ಲ, ಕೇಳಿದ್ದು. ದಂಡೆ ಬಿಟ್ಟಾಗ ಮೋಟರು ಚೆನ್ನಾಗಿಯೇ ಇತ್ತಂತೆ. ನಡು ಹೊಳೆಯಲ್ಲಿ ಎರಡು ಸಲ ಕೆಮ್ಮಿ ನಿಂತಿತಂತೆ. ನೀರಿನ ಸೆಳವು ದೋಣಿಯನ್ನು ಸೇತುವೆಯ ಕಂಬಗಳ ಕಡೆಗೆ ಒಯ್ಯತೊಡಗಿತು. ಎಲ್ಲರೂ ನಗುತ್ತಿದ್ದ ಆ ನೀಲಿ ಹಾಯಿಯನ್ನು ಮಾವಾರು ಬಿಚ್ಚಿದರು. ಅದಕ್ಕೆ ಗಾಳಿ ಸಿಕ್ಕಿತು. ಹುಟ್ಟು ಹಾಕುತ್ತಾ ಹಾಕುತ್ತಾ ಅವರ ಬಲ ಭುಜದ ಕೀಲು ಜಾರಿತು, ಆದರೂ ಬಿಡಲಿಲ್ಲ. ದೋಣಿ ದಂಡೆಯ ಜಾಲಿ ಮೆಳೆಗೆ ಹೋಗಿ ಬಡಿಯಿತು. ಹೆಂಗಸರು ಸೊಂಟದ ಮಟ್ಟದ ನೀರಿಗೆ ಬಿದ್ದರು. ಒಬ್ಬಾಕೆಯ ಕೈ ಮುರಿಯಿತು. ಬನ್ನಿ ಎಲೆ ಹೊಳೆಯ ತುಂಬ ಹರಡಿತ್ತಂತೆ. ಯಾರ ಜೀವವೂ ಹೋಗಲಿಲ್ಲ. ಅದಕ್ಕಾಗಿ ಇಂದಿಗೂ ದಿನಾ ಬೆಳಿಗ್ಗೆ ದೀಪ ಹಚ್ಚುವಾಗ ಒಂದು ನಮಸ್ಕಾರ ಬೇರೆಯೇ ಹಾಕುತ್ತೇನೆ.

ಸಂಜೆಯೊಳಗೆ ಚಹಾದ ಅಂಗಡಿಯಲ್ಲಿ ಮಾತು ಹುಟ್ಟಿತ್ತು. "ಮೋಟ್ರಿಗೆ ಎಣ್ಣಿ ಹಾಕಾಕ ಹೋಗಿ ಮುದುಕ ತಾನಾ ಎಣ್ಣಿ ಹಾಕ್ಯಾನ!" ಕೇಳಿದವರೆಲ್ಲ ನಕ್ಕರು. ನಗಿಸಿದ ಮಾತು ಬೇಗ ಓಡುತ್ತದೆ. ಒಂದು ವಾರದೊಳಗೆ ಅದು ಹೊಳೆ ದಾಟಿ ಆಚೆ ಹಳ್ಳಿಗೂ ಹೋಯಿತು. ಹಬ್ಬದ ದಿನ ಕುಡಿದು ದೋಣಿ ಹತ್ತಿದ ಎಂದಾಯಿತು. ಮಾವಾರು ಹೆಂಡ ಮುಟ್ಟಿದವರಲ್ಲ.

ಮೂರನೇ ದಿನ ಅತ್ತೆ ಕೊಟ್ಟ ರೊಟ್ಟಿ ಒಯ್ದಾಗ ಅವರು ಭುಜಕ್ಕೆ ಪಟ್ಟಿ ಕಟ್ಟಿಕೊಂಡು ಕಟ್ಟೆಯ ಮೇಲೆ ಕೂತಿದ್ದರು. ಪಕ್ಕದಲ್ಲಿ ಗಾಜಿನ ಬಾಟಲಿ. ಮೋಟರಿನ ಟ್ಯಾಂಕಿನಿಂದ ಇಳಿಸಿದ್ದು. ತಳದಲ್ಲಿ ನೀರು, ನಡುವೆ ಗೆರೆ. ಕ್ಯಾನಿನ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿ ಹರವಿದ್ದರು. ಬಣ್ಣ ಹೋಗಿ ಬೆಳ್ಳಗಾದ ಬಟ್ಟೆಯ ಮೇಲೆ ಒಣಗಿದ ಕುಂಕುಮದ ಉಂಗುರ.

ರೊಟ್ಟಿಯನ್ನು ಕಟ್ಟೆಯ ಮೇಲಿಟ್ಟೆ. "ಮಾವಾರ, ನಾನು..." ಎಂದೆ.

"ಗೊತ್ತಾತವ್ವ."

"ಎಲ್ಲಾರಿಗೂ ಹೇಳ್ತೀನ್ರಿ. ಚಹಾದಂಗಡಿಗೆ ನಮ್ಮನೆಯವರನ್ನ ಕಳಿಸ್ತೀನಿ."

"ಬ್ಯಾಡ. ತೀರ್ಥ ಹಾಕಿದ್ದಕ್ಕ ದೋಣಿ ಕೆಡ್ತು ಅಂತ ಊರು ಆಡಿಕೊಳ್ಳೋದು ಬ್ಯಾಡ. ಸಣ್ಣ ಹುಡುಗಿ ನೀನು, ನಿನಗ ಆ ಹೆಸರು ಜೀವನಪೂರ್ತಿ ಅಂಟ್ಕಂತೈತೆ. ನಂದು ನಾಕು ದಿನಕ್ಕ ಮರೀತಾರ." ಆಮೇಲೆ ನನ್ನ ಮುಖ ನೋಡದೆ ಅಂದರು, "ನಿಮ್ಮ ದೇವರ ಮನಿಯಾಗ ಇತ್ತಲ್ಲ ಅಂತ ಮತ್ತ ನೋಡ್ಲಿಲ್ಲ. ಅದು ನನ್ನ ತಪ್ಪು."

ಅವರು ಬೈದಿದ್ದರೆ ನಾನು ಓಡಿ ಹೋಗಿ ಎಲ್ಲರೆದುರು ಹೇಳುತ್ತಿದ್ದೆನೇನೋ. ಬೈಯಲಿಲ್ಲ. ಹೇಳಬೇಡ ಎಂದರು. ಆ ಮಾತಿನ ಹಿಂದೆ ನಾನು ಅಡಗಿಕೊಂಡೆ. ನಮ್ಮವರಿಗೂ ಹೇಳಲಿಲ್ಲ. ಅತ್ತೆಗೂ ಇಲ್ಲ.

ನಾಲ್ಕು ದಿನಕ್ಕೆ ಯಾರೂ ಮರೆಯಲಿಲ್ಲ. ಹೂವಿನವರು ಸೇತುವೆ ಸುತ್ತಿ ಟೆಂಪೋದಲ್ಲಿ ಬರತೊಡಗಿದರು. ಮಾವಾರು ದಿನಾ ಬೆಳಿಗ್ಗೆ ದಂಡೆಗೆ ಹೋಗಿ, ಬಿಸಿಲೇರುವ ತನಕ ಕಾದು ಬರುತ್ತಿದ್ದರು. ಯಾರೂ ಹತ್ತದ ದೋಣಿಗೂ ಕೆಲವು ತಿಂಗಳು ಸಂಜೆ ಪೆಟ್ರೋಲು ಸೋಸಿದರು. ಸೀರೆ ಚೂರು ಕೇಳಲು ಮಾತ್ರ ಬರಲಿಲ್ಲ. ನಾನೇ ಹರಿದು ಅವರ ಕಟ್ಟೆಯ ಮೇಲೆ ಇಟ್ಟು ಬರುತ್ತಿದ್ದೆ. ಬೇಸಿಗೆಗೆ ಮೋಟರು ಮಾರಿದರು.

ಮುಂದಿನ ಆಯುಧ ಪೂಜೆಗೆ ಬರುವುದಿಲ್ಲವೆಂದುಕೊಂಡಿದ್ದೆ. ಬಂದರು. ಕೈಯಲ್ಲಿ ದೋಣಿಯ ಹುಟ್ಟು ಇತ್ತು.

"ಇದಕ್ಕ ಎಷ್ಟು ಬೇಕಾದ್ರೂ ತೀರ್ಥ ಹಾಕವ್ವ. ಇದು ಕೆಡಾಂಗಿಲ್ಲ," ಎಂದು ನಕ್ಕರು.

ಅತ್ತೆಯೂ ನಕ್ಕರು, ಅವರಿಗೆ ಏನೂ ಗೊತ್ತಿರಲಿಲ್ಲ. ನಾನು ಹುಟ್ಟಿಗೆ ತೀರ್ಥ ಹಾಕಿದೆ. ಆಮೇಲೆ ಅವರು ಎಡಗೈ ಆಸರೆ ಕೊಟ್ಟು, ಮೇಲೇಳದ ಬಲಗೈಯನ್ನು ಮುಂದೆ ಚಾಚಿದರು. ನನ್ನಿಂದ ಮೂರು ಸಲ ತೀರ್ಥ ಹಾಕಿಸಿಕೊಂಡು, ಕುಡಿದು, ಕಣ್ಣಿಗೊತ್ತಿಕೊಂಡರು. ಅಷ್ಟು ಮಾಡುವ ಭಾಗ್ಯ ಸಿಕ್ಕಿತಲ್ಲ ಎಂದು ಎಷ್ಟೋ ಸಲ ಸಮಾಧಾನ ಮಾಡಿಕೊಂಡಿದ್ದೇನೆ.

ಅದೇ ವರ್ಷ ಅವರು ಕೊಕ್ಕನೂರಿನ ತಂಗಿಯ ಮನೆಗೆ ಹೋದರು. ನಾವು ದಾವಣಗೆರೆಗೆ ಬಂದೆವು. ಅವರು ತೀರಿಕೊಂಡ ಸುದ್ದಿ ನಮಗೆ ಬಂದಾಗ ಕಾರ್ಯವೂ ಮುಗಿದಿತ್ತು. ಹೇಳಿದ ಹಳೇ ಓಣಿಯವರು ಅಯ್ಯೋ ಪಾಪ ಎಂದರು, ಒಳ್ಳೆಯವನು ಎಂದರು. "ಕುಡಿತ ಒಂದು ಇರಲಿಲ್ಲಾಂದ್ರ..." ಎಂದೂ ಸೇರಿಸಿದರು. ಅಂದೂ ನಾನು ಬಾಯಿ ಬಿಡಲಿಲ್ಲ.

ಮೆಕ್ಯಾನಿಕ್ ಹೋದ ಮೇಲೆ ಬಾಟಲಿಯನ್ನು ಚೆಲ್ಲಲಿಲ್ಲ. ಮಕ್ಕಳ ಕೈಗೆ ಸಿಗದಂತೆ ಹೊರಗೆ ಕಾಂಪೌಂಡಿನ ಮೇಲೆ ಇಟ್ಟು, ಆ ಗೆರೆಯನ್ನು ನೋಡುತ್ತಾ ನಿಂತಿದ್ದೆ. ಈಗಲೂ ಆಯುಧ ಪೂಜೆಗೆ ಸ್ಕೂಟರಿಗೆ ತೀರ್ಥ ಚಿಮುಕಿಸುವಾಗ ಪೆಟ್ರೋಲಿನ ಮುಚ್ಚಳದ ಮೇಲೆ ಎಡಗೈ ಅಡ್ಡ ಇಡುತ್ತೇನೆ. ಯಾಕೆ ಎಂದು ಮನೆಯಲ್ಲಿ ಕೇಳಿದ್ದಾರೆ. ಸುಮ್ಮನೆ ಎಂದಿದ್ದೇನೆ.

ಮಾವಾರ, ನೀವು ಹೇಳಬ್ಯಾಡ ಅಂದಿದ್ರಿ. ಇಷ್ಟು ವರ್ಷ ನಿಮ್ಮ ಮಾತು ನಡೆಸಿದೆ, ಅದರಲ್ಲಿ ನನ್ನ ಹೆದರಿಕೆಯೇ ಹೆಚ್ಚಿತ್ತು. ಇದನ್ನು ಓದುವವರಲ್ಲಿ ಹರಿಹರದ ಆ ಓಣಿಯವರು, ಆಚೆ ದಡದವರು ಯಾರಾದರೂ ಇದ್ದರೆ, ತಡವಾಗಿಯಾದರೂ ಅವರಿಗೆ ತಿಳಿಯಲಿ. ಆ ದಿನ ದೋಣಿಯವರು ಕುಡಿದಿರಲಿಲ್ಲ. ಪೆಟ್ರೋಲಿನಲ್ಲಿ ನೀರಿತ್ತು. ಹಾಕಿದವಳು ನಾನು.